ಕಡಿಮೆ ಓಡಿದ ಕಾರಿನ ಕಾಯಿಲೆ

'ಗಾಡಿ ಓಡಿರೋದೇ ಕಮ್ಮಿ ಸಾರ್. ಮನೆಯಿಂದ ಮಾರ್ಕೆಟ್ಟು, ಮಾರ್ಕೆಟ್ಟಿಂದ ಮನೆ, ಅಷ್ಟೆ.' ಮೈಸೂರಿನ ಅಶೋಕಪುರಂನಲ್ಲಿ ಹಳೆ ಕಾರು ನೋಡಲು ಹೋದವರಿಗೆ ಮೊದಲು ಕೇಳಿಸುವ ಮಾತು ಇದು. ಮೀಟರು ನಲವತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿದ್ದರೆ, ಕಾರಿಗೆ ಹದಿನೈದು ವರ್ಷವಾಗಿದ್ದರೂ ಕೊಳ್ಳುವವರ ಮುಖ ಅರಳುತ್ತದೆ. ನನಗೆ ಮಾತ್ರ ಅದು ಎಚ್ಚರಿಕೆಯ ಮಾತಾಗಿ ಕೇಳುತ್ತದೆ. ಬಾಡಿ, ಟೈರು, ಸೀಟು ನೋಡುವ ಮೊದಲು ಬಾನೆಟ್ ಎತ್ತಿಸಿ, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಗೆ ಟಾರ್ಚ್ ಬಿಡುತ್ತೇನೆ. ಒಳಗೆ ಲೋಹ ತೆಳು ಕಂದು ಬಣ್ಣಕ್ಕೆ ತಿರುಗಿದ್ದರೆ ಹೆದರಬೇಕಾಗಿಲ್ಲ. ಕಪ್ಪಗೆ, ದಪ್ಪಗೆ, ಬೆರಳಿಗೆ ಅಂಟುವ ಗಸಿ ಕಟ್ಟಿದ್ದರೆ ಆ ನಲವತ್ತು ಸಾವಿರಕ್ಕೆ ಕವಡೆಯ ಬೆಲೆಯೂ ಇಲ್ಲ.

ಗ್ಯಾರೇಜಿನವರು ಸ್ಲಡ್ಜ್ ಎನ್ನುವ ಈ ಗಸಿ ಹುಟ್ಟುವುದು ದೂರದ ಓಡಾಟದಿಂದಲ್ಲ, ಹತ್ತಿರದ ಓಡಾಟದಿಂದ. ಮೈಸೂರಿನ ಸುಖವೆಂದರೆ ಎಲ್ಲವೂ ಹತ್ತಿರ. ಅಶೋಕಪುರಂನಿಂದ ಮಾನಂದವಾಡಿ ರಸ್ತೆ ಹಿಡಿದರೆ ಎನ್ಐಇ ಕಾಲೇಜು, ಅಗ್ರಹಾರ, ದೇವರಾಜ ಮಾರುಕಟ್ಟೆ ಎಲ್ಲವೂ ಕೆಲವೇ ಕಿಲೋಮೀಟರಿನಲ್ಲಿ ಮುಗಿಯುತ್ತವೆ. ಹತ್ತು ನಿಮಿಷ ಓಡಿ ನಿಂತ ಕಾರು ಅರ್ಧ ಗಂಟೆಯ ನಂತರ ಮತ್ತೆ ಹತ್ತು ನಿಮಿಷ ಓಡುತ್ತದೆ. ಕೂಲೆಂಟಿನ ಬಿಸಿ ತೋರಿಸುವ ಮುಳ್ಳು ಆಗಲೇ ಮಧ್ಯಕ್ಕೆ ಬಂದಿರಬಹುದು. ಆದರೆ ಕೆಳಗೆ ಚೇಂಬರಿನಲ್ಲಿರುವ ಆಯಿಲ್ ಬಿಸಿಯಾಗುವುದು ಅದಕ್ಕಿಂತ ಎಷ್ಟೋ ನಿಧಾನ. ಡಿಸೆಂಬರ್, ಜನವರಿಯ ಮುಂಜಾನೆಗಳಲ್ಲಂತೂ ಅದು ಸರಿಯಾಗಿ ಬಿಸಿಯಾಗುವಷ್ಟರಲ್ಲಿ ನೀವು ಮನೆಗೇ ಮರಳಿರುತ್ತೀರಿ.

ಬಿಸಿಯಾಗದಿದ್ದರೆ ಏನಾಗುತ್ತದೆ? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಕೆಳಗಿಳಿಯುತ್ತದೆ. ಅದರ ಜೊತೆಗೆ ಅರೆಬರೆ ಉರಿದ ಪೆಟ್ರೋಲ್, ಮಸಿ, ನೈಟ್ರೋಜನ್ ಆಕ್ಸೈಡ್‌ಗಳೂ ಬರುತ್ತವೆ. ಆಯಿಲ್ ಚೆನ್ನಾಗಿ ಕಾದಿದ್ದರೆ ನೀರೂ ಪೆಟ್ರೋಲೂ ಆವಿಯಾಗಿ ಹೊರಟುಹೋಗುತ್ತವೆ. ತಣ್ಣಗಿದ್ದರೆ ಅಲ್ಲೇ ಕೂಡಿಕೊಂಡು ಆಮ್ಲವಾಗುತ್ತವೆ, ಅಂಟಾಗುತ್ತವೆ. ಇಂಥ ಕೊಳೆ ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ತೇಲಿಸಿಡುವ ರಾಸಾಯನಿಕಗಳನ್ನು ಆಯಿಲ್ ತಯಾರಕರು ಬೆರೆಸಿರುತ್ತಾರೆ. ಆಯಿಲ್ ಕಪ್ಪಾಯಿತೆಂದು ಕೆಲವರು ಗಾಬರಿಯಾಗುತ್ತಾರೆ. ಅದು ಕೊಳೆಯನ್ನು ಹೊತ್ತುಕೊಂಡಿದೆ ಎಂಬುದಷ್ಟೇ ಅದರ ಅರ್ಥ. ಆ ರಾಸಾಯನಿಕದ ಶಕ್ತಿ ತೀರಿದ ದಿನ ಕೊಳೆ ಟ್ಯಾಪೆಟ್ ಕವರಿನೊಳಗೆ, ಹೆಡ್ಡಿನ ಮೂಲೆಗಳಲ್ಲಿ, ಚೇಂಬರಿನ ತಳದಲ್ಲಿ ಕೂರಲು ಶುರುಮಾಡುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ. ಅದು ನೀರಿನೊಂದಿಗೆ ಸುಲಭವಾಗಿ ಬೆರೆಯುವ ವಸ್ತುವಾದ್ದರಿಂದ ತಣ್ಣನೆಯ ಎಂಜಿನ್‌ನಲ್ಲಿ ತೊಂದರೆ ಇನ್ನಷ್ಟು ಹೆಚ್ಚು.

ಕೊನೆಗೆ ಗಸಿ ಸಿಕ್ಕಿಹಾಕಿಕೊಳ್ಳುವುದು ಆಯಿಲ್ ಪಂಪಿನ ಬಾಯಲ್ಲಿರುವ ಜಾಲರಿಯಲ್ಲಿ. ಅದು ಕಟ್ಟಿಕೊಂಡರೆ ಚೇಂಬರಿನಲ್ಲಿ ಆಯಿಲ್ ತುಂಬಿದ್ದರೂ ಮೇಲಕ್ಕೆ ಏರುವುದಿಲ್ಲ. ಆಯಿಲ್ ಅಳೆಯುವ ಕಡ್ಡಿ ನೋಡಿದರೆ ಮಟ್ಟ ಸರಿಯಿದೆ, ಆದರೆ ಕ್ಯಾಮ್‌ಶಾಫ್ಟ್ ಒಣಗಿದೆ. ಟ್ಯಾಪೆಟ್ ಸದ್ದು ಬರುತ್ತದೆ, ಐಡಲ್‌ನಲ್ಲಿ ಕೆಂಪು ಆಯಿಲ್ ಲೈಟು ಮಿನುಗುತ್ತದೆ. ಆ ಲೈಟು ಕಂಡೊಡನೆ ಎಂಜಿನ್ ಆರಿಸಬೇಕು. ಗ್ಯಾರೇಜ್ ಪಕ್ಕದ ಬೀದಿಯಲ್ಲೇ ಇದ್ದರೂ ಅಲ್ಲಿಯವರೆಗೆ ಓಡಿಸಿಕೊಂಡು ಹೋಗಬಾರದು.

ಅಶೋಕಪುರಂನ ರೈಲ್ವೆ ವರ್ಕ್‌ಶಾಪ್ ಮೈಸೂರು ಸ್ಟೇಟ್ ರೈಲ್ವೆಯ ಕಾಲದ್ದು, 1924ರದ್ದು. ಅಲ್ಲಿಗೆ ಬೋಗಿಗಳು ಕೆಟ್ಟು ನಿಂತ ಮೇಲೆ ಬರುವುದಿಲ್ಲ. ನಿಗದಿಯಾದ ತಿಂಗಳುಗಳು ತುಂಬಿದೊಡನೆ ಬರುತ್ತವೆ. ಸದ್ದು ಮಾಡಲಿ ಬಿಡಲಿ, ಬಿಚ್ಚಿ ನೋಡುತ್ತಾರೆ. ಕಾರಿನ ಆಯಿಲ್ ವಿಷಯದಲ್ಲೂ ನಮಗೆ ಬೇಕಾದದ್ದು ಇದೇ ಲೆಕ್ಕ. ಕಿಲೋಮೀಟರ್ ತುಂಬಿಲ್ಲವೆಂದು ಎರಡು ವರ್ಷ ಒಂದೇ ಆಯಿಲ್‌ನಲ್ಲಿ ಓಡಿಸುವವರನ್ನು ಬಹಳ ಕಂಡಿದ್ದೇನೆ. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ 'ಕಠಿಣ ಬಳಕೆ' ಎಂಬ ಪಟ್ಟಿಯಿರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಧೂಳಿನ ರಸ್ತೆ, ಭಾರ ಎಳೆಯುವುದು ಇವುಗಳ ಜೊತೆಯಲ್ಲೇ ಪದೇ ಪದೇ ಕಡಿಮೆ ದೂರ ಓಡಿಸುವುದೂ ಅಲ್ಲಿದೆ. ಅಂದರೆ ಮಾರ್ಕೆಟ್ಟಿಗಷ್ಟೇ ಹೋಗಿಬರುವ ಕಾರು ಕಠಿಣ ದುಡಿಮೆಯ ಕಾರು. ಅಂಥ ಹಳೆ ಮಾರುತಿ 800, ಸ್ಯಾಂಟ್ರೋ, ಜೆನ್‌ಗಳಿಗೆ ನಾನು ಹೇಳುವುದು ಆರು ತಿಂಗಳು ಅಥವಾ ಐದು ಸಾವಿರ ಕಿಲೋಮೀಟರ್, ಯಾವುದು ಮೊದಲೋ ಅದು. ಫಿಲ್ಟರ್ ಪ್ರತಿ ಸಲವೂ ಹೊಸದು. ಕೊರತೆಯಾದಷ್ಟನ್ನು ಟಾಪ್‌ಅಪ್ ಮಾಡುತ್ತ ಹೋದರೆ ಬದಲಾಯಿಸಿದಂತಾಗುವುದಿಲ್ಲ, ಹಳೆಯ ಕೊಳೆ ಅಲ್ಲೇ ಇರುತ್ತದೆ.

ಇನ್ನು ಥರ್ಮೋಸ್ಟಾಟ್. ಇದನ್ನು ಕಿತ್ತುಹಾಕುವುದಕ್ಕಿಂತ ದೊಡ್ಡ ಅನ್ಯಾಯ ನಮ್ಮ ಹಳೆ ಕಾರುಗಳಿಗೆ ಬೇರೆ ಆಗಿಲ್ಲ. ಕೂಲೆಂಟ್ ಸುಮಾರು 82ರಿಂದ 88 ಡಿಗ್ರಿಗೆ ಬರುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಸಣ್ಣ ವಾಲ್ವ್ ಅದು. ಎಂಜಿನ್ ಬೇಗ ಕಾಯಲೆಂದೇ ಅದನ್ನು ಇಟ್ಟಿರುವುದು. ಗಾಡಿ ಒಮ್ಮೆ ಓವರ್‌ಹೀಟ್ ಆಯಿತೆಂದರೆ ಅನೇಕ ಗ್ಯಾರೇಜುಗಳಲ್ಲಿ ಮೊದಲು ಮಾಡುವ ಕೆಲಸ ಆ ವಾಲ್ವನ್ನು ಕಿತ್ತು ಬಿಸಾಡುವುದು. 'ನಮ್ಮೂರಿನ ಬಿಸಿಲಿಗೆ ಇದೆಲ್ಲ ಬೇಡ ಸಾರ್' ಎಂಬ ಸಮಾಧಾನ ಬೇರೆ. ಓವರ್‌ಹೀಟ್ ನಿಂತಂತೆ ಕಾಣುತ್ತದೆ, ಆದರೆ ಎಂಜಿನ್ ಅಂದಿನಿಂದ ತಣ್ಣಗೇ ಓಡುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಹೊಸ ಆಯಿಲ್ ಹಾಕಿದರೂ ಗಸಿ ಬೇಗ ಕಟ್ಟುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಮೊದಲ ವಾರದಲ್ಲೇ ಹೌಸಿಂಗ್ ಬಿಚ್ಚಿಸಿ ಒಳಗೆ ವಾಲ್ವ್ ಇದೆಯೇ ನೋಡಿ. ಇಲ್ಲದಿದ್ದರೆ ಹೊಸದು ಹಾಕಿಸಿ. ಹಾಕಿದ ಮೇಲೆ ಮತ್ತೆ ಬಿಸಿಯಾದರೆ ರೇಡಿಯೇಟರ್, ಫ್ಯಾನ್, ವಾಟರ್ ಪಂಪ್ ನೋಡಬೇಕು. ದೋಷ ಅಲ್ಲಿರುತ್ತದೆ.

ನೋಡಬೇಕಾದ ಎರಡನೆಯದು ಪಿಸಿವಿ ವಾಲ್ವ್. ಚೇಂಬರಿನ ಕೊಳಕು ಆವಿಯನ್ನು ಎಳೆದು ಮತ್ತೆ ಉರಿಯಲು ಕಳಿಸುವ ದಾರಿ ಇದು. ಅಗ್ಗದ ಸಾಮಾನು, ಬದಲಾಯಿಸಲು ಹೆಚ್ಚು ಹೊತ್ತೂ ಬೇಡ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ಅದರ ಬಾಯಿಯ ಮೇಲೆ ಅಗಲವಾದ ರಟ್ಟಿನ ಕಾಗದ ಇಡಿ. ಮೆಲ್ಲಗೆ ಹೀರಿ ಹಿಡಿದುಕೊಂಡರೆ ಸರಿ. ತಳ್ಳಿ ಎಬ್ಬಿಸಿದರೆ ವಾಲ್ವ್ ಇಲ್ಲವೇ ಪೈಪು ಕಟ್ಟಿದೆ, ಅಥವಾ ರಿಂಗ್ ಸವೆದಿದೆ.

ಮುಚ್ಚಳದ ಒಳಗೆ ಕಾಫಿಗೆ ಹಾಲು ಹೆಚ್ಚಾದ ಬಣ್ಣದ ನೊರೆ ಕಂಡರೆ ಅವಸರ ಬೇಡ. ಚಳಿಗಾಲದಲ್ಲಿ, ಮಳೆಗಾಲದಲ್ಲಿ ಅದು ಬರೀ ನೀರಿನ ಪಸೆಯಾಗಿರಬಹುದು. ಒರೆಸಿ, ಒಂದು ದೂರದ ಓಟ ಓಡಿಸಿ, ಮತ್ತೆ ನೋಡಿ. ಕಡ್ಡಿಯ ಮೇಲೂ ಅದೇ ಬಣ್ಣವಿದ್ದು, ಕೂಲೆಂಟ್ ದಿನದಿನಕ್ಕೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು.

ಈಗಾಗಲೇ ಗಸಿ ಕಟ್ಟಿದ ಎಂಜಿನ್‌ಗೆ ಸೀಮೆಎಣ್ಣೆ ಅಥವಾ ಡೀಸೆಲ್ ಸುರಿದು ಐಡಲ್ ಓಡಿಸಿ ಬಸಿಯುವ ಹಳೆಯ ಪದ್ಧತಿಯನ್ನು ನಾನು ಪೂರ್ತಿ ವಿರೋಧಿಸುತ್ತೇನೆ. ಬೇರಿಂಗ್‌ಗಳಿಗೆ ಆಗ ಬೇಕಾದ ಆಯಿಲ್ ಪದರ ಇರುವುದಿಲ್ಲ. ಮೇಲಾಗಿ ಗಸಿ ಕರಗುವ ಬದಲು ಚೂರಾಗಿ ಕಳಚಿ ನೇರ ಜಾಲರಿಗೆ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಫ್ಲಶ್ ಡಬ್ಬಿಗಳ ಮೇಲೂ, ಗಸಿ ದಪ್ಪಗಿದ್ದಾಗ, ನನಗೆ ನಂಬಿಕೆಯಿಲ್ಲ. ಟ್ಯಾಪೆಟ್ ಕವರ್ ತೆಗೆಸಿ ಕೈಯಿಂದ ಕೆರೆದು ಒರೆಸಿ, ಚೇಂಬರ್ ಇಳಿಸಿ ಜಾಲರಿ ತೊಳೆಯುವುದೇ ಸರಿಯಾದ ದಾರಿ. ಆಮೇಲೆ ಒಳ್ಳೆಯ ಆಯಿಲ್ ಹಾಕಿ ಸಾವಿರ ಕಿಲೋಮೀಟರಿಗೆ ಒಮ್ಮೆ, ಮತ್ತೆ ಸಾವಿರಕ್ಕೆ ಇನ್ನೊಮ್ಮೆ ಫಿಲ್ಟರ್ ಸಮೇತ ಬದಲಾಯಿಸಿ. ಉಳಿದ ಗಸಿಯನ್ನು ಹೊಸ ಆಯಿಲ್ ನಿಧಾನವಾಗಿ ತಾನೇ ಬಿಡಿಸಿಕೊಳ್ಳುತ್ತದೆ. ಗ್ರೇಡ್ ಕೈಪಿಡಿಯಲ್ಲಿದ್ದದ್ದೇ ಇರಲಿ. ಹಳೆ ಗಾಡಿಯೆಂದು 20ಡಬ್ಲ್ಯು-50 ಹಾಕಿದರೆ ಮುಂಜಾನೆಯ ಚಳಿಯಲ್ಲಿ ಅದು ಮೇಲೇರಲು ತಡಮಾಡುತ್ತದೆ. ಸಿಂಥೆಟಿಕ್ ಆಯಿಲ್ ಬಿಸಿಯನ್ನು ಹೆಚ್ಚು ತಾಳುತ್ತದೆ ನಿಜ, ಆದರೆ ಅದರೊಳಗೆ ಸೇರಿದ ನೀರೂ ತಾನಾಗಿ ಹೋಗುವುದಿಲ್ಲ.

ಒಳ್ಳೆಯ ಕಂಪನಿಯ ಕಾರಿಗೆ ಇದೆಲ್ಲ ಯಾಕೆ ಎನ್ನುವವರಿಗೆ ಒಂದು ಮಾತು. 1997ರಿಂದ 2002ರವರೆಗಿನ ಮಾದರಿಗಳ ಕೆಲವು ಟೊಯೋಟಾ ಎಂಜಿನ್‌ಗಳಲ್ಲಿ ಗಸಿಯ ದೂರು ಅಮೆರಿಕದಲ್ಲಿ ಎಷ್ಟು ಹೆಚ್ಚಿತೆಂದರೆ, 2002ರಲ್ಲಿ ಕಂಪನಿ ಆ ಕಾರುಗಳ ದುರಸ್ತಿಗೆ ವಿಶೇಷ ವ್ಯವಸ್ಥೆಯನ್ನೇ ಪ್ರಕಟಿಸಬೇಕಾಯಿತು.

ಇಷ್ಟರ ಜೊತೆಗೆ ವಾರಕ್ಕೊಮ್ಮೆ ಕಾರನ್ನು ಊರಾಚೆ ಕರೆದೊಯ್ಯಿರಿ. ಅಶೋಕಪುರಂನವರಿಗೆ ನಂಜನಗೂಡು ರಸ್ತೆ ಹತ್ತಿರದಲ್ಲೇ ಇದೆ. ಹೋಗಿ ಬಂದರೆ ನಲವತ್ತು ಕಿಲೋಮೀಟರ್ ದಾಟುತ್ತದೆ. ಶ್ರೀಕಂಠೇಶ್ವರನ ದರ್ಶನವೂ ಆಗುತ್ತದೆ, ಚೇಂಬರಿನ ನೀರೂ ಆರುತ್ತದೆ. ಮನೆ ಮುಂದೆ ನಿಲ್ಲಿಸಿ ಕಾಲು ಗಂಟೆ ಐಡಲ್ ಓಡಿಸುವುದರಿಂದ ಈ ಪ್ರಯೋಜನವಿಲ್ಲ, ಅದು ಬ್ಯಾಟರಿಗೂ ಸಾಲದು. ಮೊದಮೊದಲು ಇಂಥ ಓಟದ ನಂತರ ಕಡ್ಡಿಯಲ್ಲಿ ಮಟ್ಟ ಇಳಿದದ್ದು ಕಂಡು ಗಾಡಿ ಆಯಿಲ್ ತಿನ್ನುತ್ತಿದೆ, ರಿಂಗ್ ಹೋಯಿತು ಎಂದು ಹೆದರುವವರಿದ್ದಾರೆ. ಎಷ್ಟೋ ಸಲ ಆರಿಹೋದದ್ದು ತಿಂಗಳುಗಟ್ಟಲೆ ಸೇರಿಕೊಂಡಿದ್ದ ಪೆಟ್ರೋಲೂ ನೀರೂ ಅಷ್ಟೆ. ಮರುದಿನ ಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಇನ್ನೊಮ್ಮೆ ಕಡ್ಡಿ ನೋಡಿ, ಕಡಿಮೆಯಿದ್ದಷ್ಟನ್ನು ಅದೇ ಗ್ರೇಡಿನ ಆಯಿಲ್‌ನಿಂದ ತುಂಬಿ, ಮುಂದಿನ ಎರಡು ಮೂರು ವಾರ ಮಟ್ಟವನ್ನು ಬರೆದಿಡಿ. ಆಮೇಲೂ ಅದೇ ವೇಗದಲ್ಲಿ ಇಳಿಯುತ್ತಿದ್ದರೆ ಮಾತ್ರ ರಿಂಗಿನ ಮಾತೆತ್ತಿ ಮೆಕ್ಯಾನಿಕ್ ಬಳಿ ಹೋಗಿ.