ತೆರೆದ ಸಂತೆ, ಉರಿದ ಬೆಟ್ಟ

ಜಪಾನಿನ ಸಮುರಾಯ್ ಸೇನಾನಿ ಓದಾ ನೊಬುನಾಗನ (1534–1582) ಕುರಿತು ಆ ದೇಶದಲ್ಲಿ ರಚಿತವಾಗಿರುವ ಗ್ರಂಥಗಳಿಗೆ ಲೆಕ್ಕವಿಲ್ಲ. ಚರಿತ್ರೆ, ಕಾದಂಬರಿ, ನಾಟಕ, ಚಲನಚಿತ್ರಗಳು ಅವನನ್ನು ಮತ್ತೆ ಮತ್ತೆ ಚಿತ್ರಿಸಿವೆ. ಹರಿದು ಹಂಚಿಹೋಗಿದ್ದ ನಾಡನ್ನು ಒಂದುಗೂಡಿಸಲು ಮೊದಲಿಟ್ಟವನೆಂದು ಬಹುಪಾಲು ಕೃತಿಗಳು ಕೊಂಡಾಡಿವೆ. ಈ ಸಾಹಿತ್ಯಕ್ಕೆಲ್ಲ ತಾಯಿಬೇರಾಗಿರುವುದು ಒಂದೇ ಕೃತಿ. ನೊಬುನಾಗನ ಬಳಿ ಬಿಲ್ಲಾಳಾಗಿ ಸೇವೆ ಸಲ್ಲಿಸಿದ ಓತಾ ಗ್ಯೂಇಚಿ (ಜನನ 1527) ತನ್ನ ಮುಪ್ಪಿನಲ್ಲಿ ಬರೆದು ಮುಗಿಸಿದ ‘ಶಿಂಚೋ ಕೋ ಕಿ’, ಎಂದರೆ ‘ಪ್ರಭು ನೊಬುನಾಗನ ವೃತ್ತಾಂತ’, ಆ ಕೃತಿ. 2011ರಲ್ಲಿ ಇದರ ಇಂಗ್ಲಿಷ್ ಅನುವಾದ ಪ್ರಕಟವಾದ ಮೇಲೆ ಜಪಾನಿ ಭಾಷೆ ಬಾರದವರಿಗೂ ಮೂಲದ ಪರಿಚಯ ಸಾಧ್ಯವಾಗಿದೆ. ಹೊಗಳಿಕೆಯ ಗ್ರಂಥಗಳನ್ನು ಓದಿ ಬಂದವರು ಈ ಮೂಲವನ್ನು ತೆರೆದರೆ ಬೆರಗಾಗುವುದು ಸಹಜ. ಸ್ವಾಮಿಭಕ್ತ ಸೇವಕನೇ ಬರೆದ ವೃತ್ತಾಂತದಲ್ಲಿ, ಮುಂದಿನವರು ಬಿಟ್ಟುಬಿಟ್ಟ ಖರ್ಚಿನ ಬಾಬುಗಳೆಲ್ಲ ದಾಖಲಾಗಿವೆ.

ಗ್ರಂಥದ ರಚನೆ ಸರಳವಾದುದು. ನೊಬುನಾಗ ರಾಜಧಾನಿ ಕ್ಯೋತೊವನ್ನು ಪ್ರವೇಶಿಸಿದ 1568ರಿಂದ ಮಡಿದ 1582ರವರೆಗೆ ವರ್ಷಕ್ಕೊಂದರಂತೆ ಹದಿನೈದು ಭಾಗಗಳು; ಅದಕ್ಕೆ ಮುಂಚಿನ ಕಾಲಕ್ಕೆ ಪೀಠಿಕೆಯ ಒಂದು ಭಾಗ. ಆ ಪೀಠಿಕೆಯಲ್ಲಿ ಓವಾರಿ ಪ್ರಾಂತದ ಸಣ್ಣ ಒಡೆತನದ ಹುಡುಗನೊಬ್ಬ ಕಾಣಿಸಿಕೊಳ್ಳುತ್ತಾನೆ. ತಂದೆಯ ಉತ್ತರಕ್ರಿಯೆಗೆ ಅಸ್ತವ್ಯಸ್ತ ಉಡುಪಿನಲ್ಲಿ ಬಂದು, ಧೂಪದ ಪುಡಿಯನ್ನು ಬೊಗಸೆಯಲ್ಲಿ ಹಿಡಿದು ಪೀಠದತ್ತ ಎರಚಿ ಹೋದವನು ಅವನು. ಅವನನ್ನು ಸಾಕಿ ತಿದ್ದಬೇಕಾಗಿದ್ದ ಹಿರಿಯ ಹಿರಾತೆ ಮಾಸಾಹಿದೆ 1553ರಲ್ಲಿ ಆತ್ಮಾಹುತಿ ಮಾಡಿಕೊಂಡನು. ದಂಗೆಯೆದ್ದ ತಮ್ಮನನ್ನು ತಾಯಿಯ ಮಾತಿಗೆ ಒಮ್ಮೆ ಕ್ಷಮಿಸಿದ ನೊಬುನಾಗ, ಎರಡನೆಯ ಸಲ ಕಾಯಿಲೆಯ ನೆಪದಿಂದ ಅವನನ್ನು ಕರೆಸಿಕೊಂಡು ಕೊಲ್ಲಿಸಿದನು. 1560ರಲ್ಲಿ ಓಕೆಹಾಜಾಮಾ ಎಂಬಲ್ಲಿ ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಇಮಾಗಾವಾ ಯೋಷಿಮೋತೊನ ಸೈನ್ಯದ ಮೇಲೆ ಮಳೆ ನಿಂತ ಕೂಡಲೇ ಎರಗಿ, ಸೇನಾಪತಿಯ ತಲೆಯನ್ನೇ ತೆಗೆದುಕೊಂಡನು. 1567ರಲ್ಲಿ ಮಿನೊ ಪ್ರಾಂತವನ್ನು ಗೆದ್ದು, ಅಲ್ಲಿಯ ಕೋಟೆಯೂರಿಗೆ ಗಿಫು ಎಂಬ ಹೆಸರಿಟ್ಟು, ಲೋಕವೆಲ್ಲ ಶಸ್ತ್ರದ ಅಧೀನ ಎಂಬ ಅರ್ಥದ ಮುದ್ರೆಯನ್ನು ಬಳಸತೊಡಗಿದನು. ಮರುವರ್ಷ ಆಶಿಕಾಗಾ ಯೋಷಿಆಕಿಯನ್ನು ಶೋಗನ್ ಪದವಿಗೆ ಏರಿಸುವ ನೆಪದಲ್ಲಿ ರಾಜಧಾನಿಯನ್ನು ಹೊಕ್ಕನು. 1573ರಲ್ಲಿ ಅದೇ ಯೋಷಿಆಕಿಯನ್ನು ಹೊರಗಟ್ಟಿದನು.

ಈ ಏಳಿಗೆಯ ಕಥೆ ರೋಚಕವಾದುದೇ. ಆದರೆ ಗ್ರಂಥದ ಪರೀಕ್ಷೆ ನಡೆಯಬೇಕಾದುದು 1571ರ ನಂತರದ ಪುಟಗಳಲ್ಲಿ. ಕ್ಯೋತೊದ ಈಶಾನ್ಯಕ್ಕಿರುವ ಹಿಯೇಯಿ ಬೆಟ್ಟದ ಮೇಲೆ 788ರಲ್ಲಿ ಸಾಯ್ಚೋ ಎಂಬ ಭಿಕ್ಷು ಸ್ಥಾಪಿಸಿದ ಎನ್‌ರ್ಯಾಕುಜಿ ಬೌದ್ಧ ಮಠ ಆ ನಾಡಿನ ವಿದ್ಯಾಕೇಂದ್ರವಾಗಿತ್ತು. ಕಾಲಕ್ರಮದಲ್ಲಿ ಅದು ಬೇರೆಯೂ ಆಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆಯುಧ ಹಿಡಿದ ಭಿಕ್ಷುಗಳು, ಬಡ್ಡಿಯ ವ್ಯವಹಾರ, ಸುಂಕದ ಕಟ್ಟೆಗಳ ಆದಾಯ, ರಾಜಕಾರಣದಲ್ಲಿ ಪಕ್ಷಪಾತ ಇವೆಲ್ಲವೂ ಅಲ್ಲಿದ್ದವು. 1570ರಲ್ಲಿ ನೊಬುನಾಗನ ವೈರಿಗಳಾದ ಆಸಾಕುರಾ ಮತ್ತು ಆಜಾಯಿ ಮನೆತನಗಳಿಗೆ ಮಠ ಆಶ್ರಯವಿತ್ತಿತು. ತನ್ನ ಕಡೆ ಸೇರಿದರೆ ಭೂಮಿಯನ್ನು ಹಿಂದಿರುಗಿಸುವೆನು, ಇಲ್ಲವೇ ತಟಸ್ಥರಾಗಿರಿ, ತಪ್ಪಿದರೆ ಸುಡುವೆನು ಎಂದು ಅವನು ಮುಂಚಿತವಾಗಿಯೇ ಹೇಳಿಕಳಿಸಿದ್ದನು. ಮರುವರ್ಷ ಹೇಳಿದಂತೆಯೇ ಮಾಡಿದನು. ಭಿಕ್ಷುಗಳು, ಪಂಡಿತರು, ಗೃಹಸ್ಥರು, ಹೆಂಗಸರು, ಎಳೆಯ ಮಕ್ಕಳು ಎಂದು ಯಾರನ್ನೂ ಬಿಡದೆ ಸಾವಿರಾರು ಜನರನ್ನು ಸಂಹರಿಸಿದ ವಿವರವನ್ನು ಗ್ಯೂಇಚಿ ಮುಚ್ಚುಮರೆಯಿಲ್ಲದೆ ಕೊಟ್ಟಿದ್ದಾನೆ. ಬೆಟ್ಟದ ಮೇಲೆ ನಡೆದ ಉತ್ಖನನಗಳಲ್ಲಿ ಆ ಕಾಲದ ಬೆಂಕಿಯ ಕುರುಹು ನಿರೀಕ್ಷಿಸಿದಷ್ಟು ದೊರೆತಿಲ್ಲವೆಂದೂ, ಬಹಳಷ್ಟು ಕಟ್ಟಡಗಳು ಮೊದಲೇ ಪಾಳುಬಿದ್ದಿದ್ದುವೆಂದೂ ಇತ್ತೀಚಿನ ವಿದ್ವಾಂಸರು ವಾದಿಸುತ್ತಾರೆ. ಅದು ಸುಟ್ಟ ಕಟ್ಟಡಗಳ ಲೆಕ್ಕವನ್ನು ತಗ್ಗಿಸೀತು. ಮಕ್ಕಳನ್ನೂ ಸೇರಿಸಿ ಬರೆದ ಪಟ್ಟಿಯನ್ನು ಅಳಿಸಲಾರದು.

1574ರ ಹೊಸವರ್ಷದಂದು ಗಿಫು ಕೋಟೆಯಲ್ಲಿ ಆಪ್ತರಿಗಾಗಿ ಔತಣ ನಡೆಯಿತು. ಹಿಂದಿನ ವರ್ಷ ಸೋತು ಮಡಿದ ಆಸಾಕುರಾ ಯೋಷಿಕಾಗೆ ಹಾಗೂ ಆಜಾಯಿ ತಂದೆಮಕ್ಕಳ ತಲೆಗಳಿಗೆ ಚಿನ್ನದ ಲೇಪ ಹಾಕಿಸಿ ಅಲ್ಲಿ ಪ್ರದರ್ಶಿಸಲಾಯಿತು. ಇದು ಸತ್ತ ವೈರಿಗಳಿಗೆ ತೋರಿದ ಗೌರವವೆಂದು ಸಮರ್ಥಿಸುವವರೂ ಉಂಟು; ಔತಣಕ್ಕೆ ಬಂದವರು ಹಾಡಿ ಕುಡಿದು ನಲಿದರೆಂದು ಬರೆದಿರುವ ಗ್ಯೂಇಚಿಯ ವಾಕ್ಯಗಳಲ್ಲಿ ಅಂತಹ ಸೂಚನೆಯೇನೂ ಇಲ್ಲ. ಅದೇ ವರ್ಷ ನಾಗಾಶಿಮಾ ಎಂಬ ನದೀಮುಖದ ದ್ವೀಪಗಳಲ್ಲಿ, ಶರಣಾಗಲು ಸಿದ್ಧರಿದ್ದ ಇಕ್ಕೋ ಪಂಥದ ಅನುಯಾಯಿಗಳನ್ನು ಬೇಲಿಕಟ್ಟಿ ಕೂಡಿಹಾಕಿ, ನಾಲ್ಕೂ ಕಡೆಯಿಂದ ಬೆಂಕಿಯಿಡಲಾಯಿತು. ಗ್ರಂಥ ಕೊಡುವ ಸಂಖ್ಯೆ 20,000. ಮರುವರ್ಷ ಎಚಿಜೆನ್ ಪ್ರಾಂತದಲ್ಲಿ ಕೆಲವೇ ದಿನಗಳಲ್ಲಿ ಸೆರೆಹಿಡಿದು ಕೊಲ್ಲಿಸಿದವರು 12,000ಕ್ಕೂ ಹೆಚ್ಚು. ಒಂದು ಊರಿನ ಬೀದಿಗಳು ಹೆಣಗಳಿಂದ ತುಂಬಿ ತೆರಪಿಲ್ಲದಂತಾಗಿವೆ ಎಂದು ಅಲ್ಲಿಂದ ನೊಬುನಾಗನೇ ಕ್ಯೋತೊದ ಅಧಿಕಾರಿಗೆ ಬರೆದ ಪತ್ರ ಉಳಿದುಬಂದಿದೆ. ಇದೇ 1575ರಲ್ಲಿ ಯಾಮಾನಾಕಾ ಎಂಬ ಹಳ್ಳಿಯ ದಾರಿಬದಿಯ ಅಂಗವಿಕಲ ಭಿಕ್ಷುಕನೊಬ್ಬನ ನೆನಪಿಟ್ಟುಕೊಂಡು, ಹತ್ತಿಬಟ್ಟೆಯ ಥಾನುಗಳನ್ನು ತಂದು, ಅವನಿಗೊಂದು ಗುಡಿಸಲು ಕಟ್ಟಿಕೊಡಿರೆಂದು ಹಳ್ಳಿಗರಿಗೆ ಒಪ್ಪಿಸಿದವನೂ ಇದೇ ನೊಬುನಾಗ. ಗ್ಯೂಇಚಿ ಎರಡನ್ನೂ ಬರೆದಿದ್ದಾನೆ. ಒಂದನ್ನು ಇನ್ನೊಂದರಿಂದ ಕಳೆದು ಶಿಲ್ಕು ತೋರಿಸುವ ಗೋಜಿಗೆ ಹೋಗಿಲ್ಲ.

ನಂತರದ ಲೇಖಕರು ಮಾಡಿದ್ದು ಆ ಕಳೆಯುವ ಕೆಲಸವನ್ನೇ. ಅವರು ಜಮಾ ಕಡೆಗೆ ಹಾಕುವ ಮುಖ್ಯ ಬಾಬುಗಳು ವ್ಯಾಪಾರಕ್ಕೆ ಸಂಬಂಧಿಸಿದವು: ದಾರಿಗಳ ಸುಂಕದ ಕಟ್ಟೆಗಳನ್ನು ಕಿತ್ತುಹಾಕಿಸಿದ್ದು, ರಸ್ತೆ ಸೇತುವೆಗಳನ್ನು ಕಟ್ಟಿಸಿದ್ದು, ‘ರಾಕುಇಚಿ ರಾಕುಜಾ’ ಎಂಬ ಮುಕ್ತ ಸಂತೆಯ ಶಾಸನಗಳು, 1569ರ ನಾಣ್ಯದ ಆಜ್ಞೆ. ಸವೆದ ನಾಣ್ಯ, ಒಡಕು ನಾಣ್ಯಗಳಿಗೆ ಅರ್ಧ, ಐದನೆಯ ಒಂದು, ಹತ್ತನೆಯ ಒಂದು ಎಂದು ವಟ್ಟ ನಿಗದಿಪಡಿಸಿದ ಆ ಆಜ್ಞೆ ವರ್ತಕರ ಕಷ್ಟವನ್ನು ಬಲ್ಲವನ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಒಳ್ಳೆಯ ರಸ್ತೆಯ ಮೇಲೆ ಸರಕು ಸಾಗಿಸುವವನು ರಸ್ತೆ ಹಾಕಿಸಿದವನ ಕೈಗಳನ್ನು ನೋಡುವುದು ಎಲ್ಲ ಕಾಲದಲ್ಲೂ ಕಡಿಮೆ. ಆದುದರಿಂದಲೇ ಈ ಬಾಬುಗಳನ್ನು ವರ್ತಕನ ಕಣ್ಣಿನಿಂದಲೇ ತನಿಖೆ ಮಾಡಬೇಕಾಗುತ್ತದೆ.

ಬಿವಾ ಸರೋವರದ ದಡದಲ್ಲಿ ಕಟ್ಟಿಸಿದ ಅಜುಚಿ ಕೋಟೆಯ ಪೇಟೆಗೆ 1577ರಲ್ಲಿ ಕೊಟ್ಟ 13 ಕಲಮುಗಳ ಶಾಸನವನ್ನೇ ತೆಗೆದುಕೊಳ್ಳಬಹುದು. ವರ್ತಕ ಶ್ರೇಣಿಗಳ ಹಂಗಿಲ್ಲ, ಬಿಟ್ಟಿ ಕೆಲಸವಿಲ್ಲ, ಪ್ರಾಂತದಲ್ಲೆಲ್ಲ ಸಾಲ ಮನ್ನಾ ಘೋಷಿಸಿದರೂ ಈ ಪೇಟೆಯ ಸಾಲಪತ್ರಗಳಿಗೆ ಅದು ಅನ್ವಯಿಸುವುದಿಲ್ಲ. ಇಷ್ಟೂ ಉದಾರವಾಗಿಯೇ ಇವೆ. ಆದರೆ ಅದೇ ಶಾಸನದ ಮತ್ತೊಂದು ಕಲಮಿನಂತೆ, ಹೆದ್ದಾರಿಯಲ್ಲಿ ಸಾಗುವ ವರ್ತಕರು ಅಜುಚಿಯನ್ನು ಬಿಟ್ಟು ಮುಂದೆ ಹೋಗಕೂಡದು, ಅಲ್ಲಿಯೇ ತಂಗಬೇಕು. ಪ್ರಾಂತದ ಕುದುರೆ ವ್ಯಾಪಾರವೆಲ್ಲ ಅಲ್ಲಿಯೇ ನಡೆಯಬೇಕು. ಕಟ್ಟೆಯ ಸುಂಕ ಹೋಯಿತು. ಇಡೀ ಊರೇ ಒಂದು ಕಟ್ಟೆಯಾಯಿತು. ಕ್ಯೋತೊದಲ್ಲಿಯೂ ಎಚಿಜೆನ್‌ನಲ್ಲಿಯೂ ತನಗೆ ಉಪಯುಕ್ತವೆನಿಸಿದ ಹಳೆಯ ಶ್ರೇಣಿಗಳ ಹಕ್ಕನ್ನು ಅವನು ಹಾಗೆಯೇ ಉಳಿಸಿದನು. ಇನ್ನು ಸಕಾಯಿ ಬಂದರಿನ ವಿಷಯ. ವರ್ತಕರೇ ಕೂಡಿ ಆಡಳಿತ ನಡೆಸುತ್ತಿದ್ದ ಆ ಊರಿಗೆ 1568ರಲ್ಲಿ 20,000 ಕಾನ್ ನಾಣ್ಯದ ವಂತಿಗೆ ವಿಧಿಸಲಾಯಿತು. ಮೊದಲು ನಿರಾಕರಿಸಿದ ಊರು ಮರುವರ್ಷ ಬಗ್ಗಿತು, ಅದರ ಸ್ವಾತಂತ್ರ್ಯವೂ ಅಲ್ಲಿಗೆ ಮುಗಿಯಿತು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಮುಕ್ತ ಸಂತೆ ನೊಬುನಾಗನ ಶೋಧವಲ್ಲ. ಅದೇ ಓಮಿ ಪ್ರಾಂತದಲ್ಲಿ ರೊಕ್ಕಾಕು ಮನೆತನದವರು ತಮ್ಮ ಕೋಟೆಯ ಬುಡದ ಪೇಟೆಗೆ 1549ರಲ್ಲಿಯೇ, ಹಿಯೇಯಿ ಉರಿಯುವುದಕ್ಕೆ 22 ವರ್ಷ ಮುಂಚೆ, ಈ ಸೌಲಭ್ಯ ಕೊಟ್ಟಿದ್ದರು. ಆದ್ದರಿಂದ, ಕ್ರೌರ್ಯ ಅನಿವಾರ್ಯವಾಗಿತ್ತು, ಅದಿಲ್ಲದೆ ಹಳೆಯ ಕಟ್ಟುಗಳು ಬಿಚ್ಚುತ್ತಿರಲಿಲ್ಲ ಎಂಬ ವಾದ ನಿಲ್ಲುವುದಿಲ್ಲ. ಸಂತೆಯನ್ನು ತೆರೆಯಲು ಬೇಕಾದುದು ಒಂದು ಶಾಸನ. ಬೆಂಕಿ ಬೇಕಾದುದು ನಾಡೆಲ್ಲ ಒಬ್ಬನದೇ ಆಗಬೇಕೆಂಬ ಆಸೆಗೆ. ಎರಡೂ ಒಂದೇ ಕೈಯಿಂದ ಬಂದುವೆಂಬ ಕಾರಣಕ್ಕೆ ಒಂದನ್ನು ಇನ್ನೊಂದರ ಬೆಲೆಯೆಂದು ತಿಳಿಯುವುದು ಲೆಕ್ಕದ ತಪ್ಪು.

ಗ್ಯೂಇಚಿಯ ದೋಷ ಯಾವುದು? ಅವನು ಹಿಯೇಯಿಯಲ್ಲಿ, ನಾಗಾಶಿಮಾದಲ್ಲಿ ಒಡೆಯನ ಕೋಪಕ್ಕೆ ಕಾರಣ ಹೇಳಿ ಮುಂದೆ ಸಾಗುತ್ತಾನೆ. ಸತ್ತವರು ಅಲ್ಲಿ ಬರಿಯ ಸಂಖ್ಯೆ. ಆದರೆ 1579ರ ಕೊನೆಯ ಪುಟಗಳಲ್ಲಿ ಅವನ ಕೈ ನಡುಗುತ್ತದೆ. ದಂಗೆಯೆದ್ದ ಸಾಮಂತ ಅರಾಕಿ ಮುರಾಶಿಗೆ ತನ್ನ ಕುಟುಂಬವನ್ನು ಇತಾಮಿಯ ಕೋಟೆಯಲ್ಲಿ ಬಿಟ್ಟು ತಾನು ತಪ್ಪಿಸಿಕೊಂಡನು. ನೊಬುನಾಗನ ಆಜ್ಞೆಯಂತೆ 122 ಮಂದಿ ಹೆಂಗಸರನ್ನು ಬಯಲಲ್ಲಿ ಕೊಲ್ಲಲಾಯಿತು. 388 ಹೆಂಗಸರು ಮತ್ತು 124 ಗಂಡಸರನ್ನು ನಾಲ್ಕು ಮನೆಗಳಲ್ಲಿ ತುಂಬಿ ಬೆಂಕಿಯಿಡಲಾಯಿತು. ಮುರಾಶಿಗೆಯ ಹತ್ತಿರದ ಬಂಧುಗಳನ್ನು ಕ್ಯೋತೊದ ಬೀದಿಗಳಲ್ಲಿ ಮೆರವಣಿಗೆ ಮಾಡಿಸಿ ತಲೆ ಕಡಿಯಲಾಯಿತು. ಇಲ್ಲಿ ಗ್ಯೂಇಚಿ ಆ ಹೆಂಗಸರ ಉಡುಗೆಯನ್ನು, ಅವರ ಅಳಲನ್ನು, ಸಾಯುವ ಮುನ್ನ ಅವರು ಬರೆದಿಟ್ಟ ಪದ್ಯಗಳನ್ನು ಒಂದೊಂದಾಗಿ ದಾಖಲಿಸುತ್ತಾನೆ. ಪರಿಚಿತ ಮನೆತನದ ಹೆಣ್ಣುಮಕ್ಕಳ ಸಾವು ಅವನನ್ನು ಅಲುಗಿಸಿತು. ನಾಗಾಶಿಮಾದ ಬೇಸಾಯಗಾರರ ಸಾವು ಅಲುಗಿಸಲಿಲ್ಲ. ಇಷ್ಟಾದರೂ ಈ ಸಾಮಂತರ ಮನೆಯ ಕಥೆಯಲ್ಲಿಯೂ ಅವನು ಆಜ್ಞೆಯಿತ್ತವನನ್ನು ದೂರುವುದಿಲ್ಲ, ಹೆಂಡತಿಯನ್ನು ಬಿಟ್ಟೋಡಿದ ಮುರಾಶಿಗೆಯನ್ನು ಹಳಿಯುತ್ತಾನೆ.

ಈ ಮಿತಿಯ ನಡುವೆಯೂ ಗ್ಯೂಇಚಿ ವಿಶ್ವಾಸಾರ್ಹನೆನಿಸುವುದು ಅವನ ನಂತರ ಬಂದ ಓಜೆ ಹೋಆನ್‌ನ ಜೊತೆ ಹೋಲಿಸಿದಾಗ. ಹೋಆನ್ ಅದೇ ಸಾಮಗ್ರಿಯನ್ನು ತೆಗೆದುಕೊಂಡು ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ‘ಶಿಂಚೋಕಿ’ ಎಂಬ ನೀತಿಕಥೆಯನ್ನಾಗಿಸಿದನು. 1575ರ ನಾಗಾಶಿನೊ ಕಾಳಗದಲ್ಲಿ 3,000 ಕೋವಿಗಳು ಮೂರು ಸಾಲಾಗಿ ಸರದಿಯ ಮೇಲೆ ಸಿಡಿದುವೆಂಬ ಪ್ರಸಿದ್ಧ ಚಿತ್ರ ಹೋಆನ್‌ನದು. ಗ್ಯೂಇಚಿಯಲ್ಲಿ ಆ ಸರದಿಯ ಪ್ರಸ್ತಾಪವಿಲ್ಲ. ಗೋವೆಯಲ್ಲಿದ್ದು ಜಪಾನಿಗೆ ತೆರಳಿದ ಪೋರ್ಚುಗೀಸ್ ಪಾದ್ರಿ ಲೂಯಿಸ್ ಫ್ರೋಯಿಸ್, ನೊಬುನಾಗ ತನ್ನನ್ನೇ ದೇವರೆಂದು ಪೂಜಿಸಲು ಆಜ್ಞಾಪಿಸಿದನೆಂದು ಬರೆದಿರುವುದನ್ನೂ ಹೀಗೆಯೇ ಜಾಗರೂಕತೆಯಿಂದ ಓದಬೇಕು. ಗ್ಯೂಇಚಿ ಆ ಕುರಿತು ಮೌನಿ.

1582ರಲ್ಲಿ ಕ್ಯೋತೊದ ಹೊನ್ನೋಜಿ ದೇವಾಲಯದಲ್ಲಿ ತಂಗಿದ್ದಾಗ ತನ್ನದೇ ಸೇನಾನಿ ಅಕೇಚಿ ಮಿತ್ಸುಹಿದೆಯ ದಾಳಿಗೆ ಸಿಕ್ಕಿ, ಉರಿಯುವ ಕಟ್ಟಡದೊಳಗೆ ನೊಬುನಾಗ ಪ್ರಾಣ ಬಿಟ್ಟನು. ಅವನ ಉತ್ತರಾಧಿಕಾರ ಹಿದೆಯೋಷಿಗೆ ದಕ್ಕಿತು, ಅವನಿಂದ ತೊಕುಗಾವಾ ಇಯೆಯಾಸುವಿಗೆ. ನೊಬುನಾಗನ ನೆರಳಲ್ಲಿ ಬೆಳೆದ ಹಿದೆಯೋಷಿ 1592 ಮತ್ತು 1597ರಲ್ಲಿ ಕೊರಿಯಾದ ಮೇಲೆ ದಂಡೆತ್ತಿಹೋದಾಗ, ಕೊಂದವರ ತಲೆಯ ಬದಲು ಮೂಗುಗಳನ್ನು ಉಪ್ಪು ಹಾಕಿ ಕಳಿಸುವ ಏರ್ಪಾಡಾಗಿತ್ತು. ಅವನ್ನು ಎಣಿಸಿ ಪಡೆದುಕೊಂಡುದಕ್ಕೆ ಕೊಟ್ಟ ರಶೀದಿಗಳು ಇಂದಿಗೂ ಉಳಿದಿವೆ. ಏಕೀಕರಣದ ಪರಂಪರೆಯಲ್ಲಿ ಈ ರಶೀದಿಗಳೂ ಸೇರುತ್ತವೆ.

ಮೇಜಿ ಸರ್ಕಾರ 1869ರಲ್ಲಿ ನೊಬುನಾಗನಿಗೆ ದೇವಪದವಿಯಿತ್ತು ಗುಡಿಯೊಂದನ್ನು ಮಂಜೂರು ಮಾಡಿತು. ಅದು ಈಗ ಕ್ಯೋತೊದ ಫುನಾಒಕಾ ಗುಡ್ಡದ ಮೇಲಿದೆ. ಗಿಫು ಊರಿನ ರೈಲು ನಿಲ್ದಾಣದ ಮುಂದೆ 2009ರಲ್ಲಿ ಅವನ ಪ್ರತಿಮೆಯೊಂದನ್ನು ಎತ್ತರದ ಕಂಬದ ಮೇಲೆ ನಿಲ್ಲಿಸಲಾಯಿತು. ಕೈಯಲ್ಲಿ ಕೋವಿ, ಮತ್ತೊಂದರಲ್ಲಿ ಪಾಶ್ಚಾತ್ಯರ ಶಿರಸ್ತ್ರಾಣ. 1574ರ ಔತಣ ನಡೆದ ಕೋಟೆಯ ಬೆಟ್ಟ ಅದೇ ಊರಿನಲ್ಲಿದೆ. ಪ್ರತಿಮೆಗೆ ಅಡಿಯಿಂದ ಮುಡಿಯವರೆಗೆ ಚಿನ್ನದ ಬಣ್ಣ.