ಮನೆತನದ ಇತಿಹಾಸ ಮತ್ತು ದಾಖಲೆಗಳ ಪ್ರಾಮಾಣ್ಯ: ಮನಗೂಳಿ ಮತ್ತು ಅರ್ಜುನವಾಡ ಶಾಸನಗಳ ಹಿನ್ನೆಲೆಯಲ್ಲಿ

ಹಳೆಯ ದಾಖಲೆಗಳ ಆಧಾರದಿಂದ ಮನೆತನದ ಇತಿಹಾಸವನ್ನು ಕಟ್ಟಬೇಕೆಂಬ ಆಸಕ್ತಿ ವಿಜಯಪುರ ಸೀಮೆಗೆ ಹೊಸದಲ್ಲ. ವತನ, ಇನಾಮು, ಗೌಡಕಿ, ಕುಲಕರ್ಣಿಕೆಗಳು ಇಲ್ಲಿ ವಂಶಪಾರಂಪರ್ಯದ ಹಕ್ಕಾಗಿ ನಡೆದುಬಂದುವು. ಆದುದರಿಂದ ಪೂರ್ವಿಕರ ಹೆಸರುಗಳನ್ನು ಕಾಪಾಡಿಕೊಳ್ಳುವುದು ಅಭಿಮಾನದ ಮಾತಷ್ಟೇ ಆಗಿರದೆ ಜೀವನೋಪಾಯದ ಅಗತ್ಯವೂ ಆಗಿತ್ತು. ಆದರೆ ದಾಖಲೆ ದೊರೆತೊಡನೆ ಇತಿಹಾಸವೂ ದೊರೆಯಿತೆಂಬ ನಂಬಿಕೆ ಅನೇಕರಲ್ಲಿ ಬೇರೂರಿದೆ. ಇದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಈ ನಾಡಿನ ಅತ್ಯಂತ ಪ್ರಸಿದ್ಧ ಮನೆತನವೊಂದರ, ಎಂದರೆ ಬಸವಣ್ಣನವರ ಮನೆತನದ, ನಿದರ್ಶನದಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಬಾಗೇವಾಡಿಗೆ ಸಮೀಪದ ಮನಗೂಳಿಯಲ್ಲಿ 12ನೆಯ ಶತಮಾನದ, ಬಿಜ್ಜಳನ ಕಾಲದ ಶಾಸನವೊಂದಿದೆ. ಅಲ್ಲಿ ದೇವಾಲಯವನ್ನು ಕಟ್ಟಿಸಿದ ಶಿವಭಕ್ತನೊಬ್ಬನ ಹೆಸರು ಬಸವ. ಅದೇ ಶಾಸನದಲ್ಲಿ ಊರಿನ ಮಹಾಪ್ರಭುವಾದ ಮಾದಿರಾಜನೂ ಬರುತ್ತಾನೆ. ಕಾಲ ಒಂದೇ, ಸೀಮೆ ಒಂದೇ, ಎರಡು ಹೆಸರುಗಳೂ ಪರಿಚಿತ. ಅವಸರದ ಓದುಗನಿಗೆ ಇಷ್ಟು ಸಾಕಾದೀತು. ಆದರೆ ಆ ಬಸವನು ಚಂದಿರಾಜನ ಮಗ, ರೇವದಾಸನ ಮೊಮ್ಮಗ, ಮಾದಿರಾಜನ ಮಗನಲ್ಲ. ಹೆಸರಿನ ಸಾಮ್ಯವು ಎಷ್ಟೇ ಆಕರ್ಷಕವಾಗಿದ್ದರೂ ತಂದೆ ತಾತಂದಿರ ಹೆಸರು ಹೊಂದದಿದ್ದಲ್ಲಿ ವ್ಯಕ್ತಿಯ ಐಕ್ಯವನ್ನು ಒಪ್ಪಲಾಗದು. ಮನೆತನದ ಚರಿತ್ರೆಯನ್ನು ಬರೆಯುವವರು ಮೊದಲು ಕಲಿಯಬೇಕಾದ ಪಾಠವಿದು.

ಇನ್ನು ಅರ್ಜುನವಾಡದ ಶಾಸನ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಈ ಶಾಸನ ಸೇವುಣ ಅರಸು ಕನ್ನರನ ಕಾಲದ್ದು, ಕ್ರಿ. ಶ. 1260ರದು. ಬಸವಣ್ಣನವರಿಗೂ ಇದಕ್ಕೂ ಸುಮಾರು ಒಂದು ಶತಮಾನದ ಅಂತರವಿದೆ. ಆದರೂ ತರ್ದವಾಡಿ ನಾಡಿನ ಬಾಗೇವಾಡಿ, ತಂದೆ ಮಾದಿರಾಜ, ಮಗ ಬಸವರಾಜ, ಅವನ ಅಣ್ಣ ದೇವರಾಜ, ಆ ದೇವರಾಜನ ವಂಶದಲ್ಲಿ ಹುಟ್ಟಿದ ಹಾಲಬಸವಿದೇವ, ಎಂಬ ಸಂಬಂಧಗಳು ಇಲ್ಲಿ ಸ್ಪಷ್ಟವಾಗಿವೆ. ಕಾವ್ಯಗಳು ಮಾದರಸ, ಮಾದಿರಾಜ ಎಂದು ಕರೆಯುವ ತಂದೆಯ ಹೆಸರಿನೊಡನೆ ಇದು ಹೊಂದುತ್ತದೆ. ಸಮಕಾಲೀನವಾದ ಮನಗೂಳಿ ಶಾಸನಕ್ಕಿಂತ ನೂರು ವರ್ಷ ಈಚಿನ ಅರ್ಜುನವಾಡ ಶಾಸನವೇ ಈ ವಿಷಯದಲ್ಲಿ ಹೆಚ್ಚು ಉಪಯುಕ್ತವಾಗುವುದಕ್ಕೆ ಕಾರಣವಿಷ್ಟೆ: ಅದು ಹೆಸರನ್ನು ಮಾತ್ರ ಹೇಳದೆ ಸಂಬಂಧವನ್ನೂ ಹೇಳುತ್ತದೆ.

ಹಾಗೆಂದು ಈ ಶಾಸನವನ್ನು ಪ್ರಶ್ನಿಸದೆ ಸ್ವೀಕರಿಸಬೇಕೆಂದಲ್ಲ. ಇದು ಮನೆತನದ ಚರಿತ್ರೆಗಾಗಿ ಬರೆದುದಲ್ಲ. ಹಾಲಬಸವಿದೇವನಿಗೆ ಕೊಟ್ಟ ದಾನದ ದಾಖಲೆ. ಮಹಾಪುರುಷನ ಸಂಬಂಧವನ್ನು ಹೇಳಿಕೊಳ್ಳುವುದರಿಂದ ದಾನಪಡೆದವನಿಗೆ ಗೌರವವುಂಟು ಎಂಬುದು ನಿಜ. ಆದರೆ ಕೇವಲ ಗೌರವಕ್ಕಾಗಿ ಕಲ್ಪಿಸಿದ ವಂಶಾವಳಿಯಾಗಿದ್ದರೆ ಅದು ಬಸವಣ್ಣನವರಿಂದಲೇ ನೇರವಾಗಿ ಇಳಿದುಬರುತ್ತಿದ್ದಿತೆಂದು ಊಹಿಸಬಹುದು. ಅಣ್ಣನ ಶಾಖೆಯಿಂದ ಬಂದವರೆಂದು ಹೇಳಿಕೊಂಡಿರುವುದೇ ಈ ಹೇಳಿಕೆಯ ವಿಶ್ವಾಸಾರ್ಹತೆಯನ್ನು ಹೆಚ್ಚಿಸುತ್ತದೆಂದು ನಮ್ಮ ಅಭಿಪ್ರಾಯ. ದಾನಪತ್ರವು ದಾನಕ್ಕೆ ಬೇಕಾದವರನ್ನು ಮಾತ್ರ ಹೆಸರಿಸುತ್ತದೆ. ಆದ್ದರಿಂದ ಅದರಲ್ಲಿ ಯಾರಾದರೂ ಬಾರದಿದ್ದರೆ ಅವರು ಇರಲಿಲ್ಲವೆಂದು ತೀರ್ಮಾನಿಸಲಾಗದು.

ಈ ಎರಡು ಸೂತ್ರಗಳು ಸಾಮಾನ್ಯ ಮನೆತನಗಳಿಗೂ ಅನ್ವಯಿಸುತ್ತವೆ. 1852ರ 11ನೆಯ ಕಾಯಿದೆಯನ್ವಯ ಇನಾಮು ಕಮಿಷನ್ ದಕ್ಷಿಣ ಮರಾಠಾ ಪ್ರದೇಶದ ಇನಾಮುಗಳನ್ನು ವಿಚಾರಣೆಗೆ ಎತ್ತಿಕೊಂಡಾಗ ಮನೆತನಗಳು ತಮ್ಮ ಹಕ್ಕನ್ನು ಕಾಗದಪತ್ರಗಳಿಂದ ಸ್ಥಾಪಿಸಬೇಕಾಯಿತು. ಅಂಥ ಸಂದರ್ಭದಲ್ಲಿ ಸಲ್ಲಿಸಿದ ವಂಶಾವಳಿಯಲ್ಲಿ ಹಕ್ಕುಳ್ಳ ಗಂಡುಸಂತಾನ ಎದ್ದು ಕಾಣುವುದು, ಹೆಣ್ಣುಮಕ್ಕಳು ಮರೆಯಾಗುವುದು ಸಹಜ. ದತ್ತುಮಗನು ಔರಸ ಪುತ್ರನಂತೆಯೇ ಸಾಲಿನಲ್ಲಿ ನಿಂತಿರಬಹುದಾದ್ದರಿಂದ ದತ್ತಕಪತ್ರವನ್ನು ನೋಡದೆ ರಕ್ತಸಂಬಂಧವನ್ನು ನಿರ್ಣಯಿಸಬಾರದು. ಭೂಮಿಯಿಲ್ಲದವರ ಮನೆತನಗಳಂತೂ ಇಂಥ ಕಡತಗಳಲ್ಲಿ ಕಾಣಸಿಗುವುದೇ ವಿರಳ.

ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಬಲ್ಲವರು ಹೆಳವರು. ಎತ್ತನ್ನೇರಿ ಊರೂರು ತಿರುಗಿ, ತಮಗೆ ಸೇರಿದ ಮನೆಗಳ ವಂಶಾವಳಿಯನ್ನು ಹೇಳಿ ದವಸಧಾನ್ಯಗಳನ್ನು ಪಡೆಯುವ ಇವರು ಮನೆತನ ಎಲ್ಲಿಂದ ಬಂದಿತು, ಎಲ್ಲಿ ಕವಲೊಡೆಯಿತು ಎಂಬುದನ್ನು ಬಲ್ಲವರು. ಆದರೆ ಇವರ ಮಾತಿನಲ್ಲಿಯೂ ಪೋಷಕರ ಪ್ರೀತಿಗಾಗಿ ಹೊಗಳಿಕೆ ಸೇರುವುದುಂಟು. ಹೆಳವರ ಹೇಳಿಕೆ, ಮನೆಯ ಕಡತ, ಕಚೇರಿಯ ದಾಖಲೆ, ಇವು ಮೂರೂ ಪರಸ್ಪರ ಸ್ವತಂತ್ರವಾಗಿ ಒಂದೇ ಸಂಬಂಧವನ್ನು ಹೇಳಿದಲ್ಲಿ ಮಾತ್ರ ಅದನ್ನು ಸಿದ್ಧವೆಂದು ತಿಳಿಯಬಹುದು. ಕಡತವನ್ನು ನೋಡಿಯೇ ಹೆಳವನು ಹೇಳಿದ್ದರೆ ಅವೆರಡೂ ಸೇರಿ ಒಂದೇ ಸಾಕ್ಷ್ಯ.

ದಾಖಲೆಗಳನ್ನು ಅರಸುವವರು ಆಡಳಿತದ ಬದಲಾವಣೆಗಳನ್ನೂ ತಿಳಿದಿರಬೇಕು. 1686ರಲ್ಲಿ ಆದಿಲಶಾಹಿ ಮುಗಿದ ಮೇಲೆ ಈ ಸೀಮೆ ಮೊಗಲರ, ನಿಜಾಮರ, ಪೇಶವೆಯವರ ಕೈಗಳನ್ನು ದಾಟಿತು. ಪೇಶವಾಯಿ ಅಳಿದ ಮೇಲೆ 1848ರವರೆಗೆ ಸಾತಾರೆಯ ಅರಸರಿಗೆ ಸೇರಿದ್ದು, ಬಳಿಕ ಬ್ರಿಟಿಷರ ವಶವಾಯಿತು. 1885ರವರೆಗೆ ಜಿಲ್ಲೆಯ ಮುಖ್ಯಸ್ಥಳ ಕಲಾದಗಿಯಾಗಿತ್ತು. ತಿಕೋಟಾ, ಬಬಲೇಶ್ವರಗಳು ಪ್ರತ್ಯೇಕ ತಾಲೂಕುಗಳಾದುದು ತೀರ ಈಚೆಗೆ. ಆದುದರಿಂದ ಅಲ್ಲಿನ ಮನೆತನದ ಹಳೆಯ ಕಾಗದವನ್ನು ಇಂದಿನ ತಾಲೂಕಿನ ಹೆಸರಿನಲ್ಲಿ ಅರಸಿದರೆ ಸಿಕ್ಕದು. ಫಾರಸಿ ಹಾಗೂ ಮೋಡಿ ಲಿಪಿಗಳ ಪರಿಚಯವಿಲ್ಲದೆ ಈ ಕಾರ್ಯವು ಅರ್ಧಕ್ಕೇ ನಿಲ್ಲುತ್ತದೆ.

ಸಿದ್ಧೇಶ್ವರ ಗುಡಿಯ ಈ ಊರಿನಲ್ಲಿಯೇ ವಕೀಲಿಕೆ ನಡೆಸಿದ ಫ. ಗು. ಹಳಕಟ್ಟಿಯವರು (1880–1964) ಮನೆಮನೆಗಳಿಂದ ತಾಳೆಯೋಲೆಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಮಾಡದ ಮೂಲೆಯಲ್ಲಿ ಹುಳು ಹಿಡಿಯುತ್ತಿದ್ದ ಗರಿಗಳಿಂದ ಒಂದು ಸಾಹಿತ್ಯವೇ ಬೆಳಕಿಗೆ ಬಂದಿತು. ಮನೆತನದ ಕಾಗದಗಳಿಗೂ ಅಂಥದೇ ಪರಿಶ್ರಮ ಬೇಕಾಗಿದೆ. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ತಮ್ಮ ಮನೆಯ ಒಂದೊಂದು ಪತ್ರವನ್ನಾದರೂ ಯಥಾವತ್ತಾಗಿ ನಕಲು ಮಾಡಿ, ಅದನ್ನು ಯಾರು, ಯಾರಿಗಾಗಿ, ಯಾವ ಹಕ್ಕಿಗಾಗಿ ಬರೆದರೆಂಬುದನ್ನು ಕೆಳಗೆ ನಮೂದಿಸಬೇಕು. ಪತ್ರದಲ್ಲಿಲ್ಲದ ತಾಯಿ, ಅಜ್ಜಿ, ಸೋದರತ್ತೆಯರ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕು. ಆ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕಾಗಿದೆ.