ಗಡಿ ದಾಟದ ಬಿಯರ್

ತಾಮ್ರದ ದೊಡ್ಡ ಹಂಡೆಗಳಿದ್ದ ಹಜಾರಕ್ಕೆ ಕಾಲಿಟ್ಟ ಕೂಡಲೇ ಅಮ್ಮ ನಿಂತುಬಿಟ್ಟಳು. ಮೂಗರಳಿಸಿ, "ಇದು ನಮ್ಮ ರಾಗಿ ಮಾಲ್ಟ್ ಕುದಿಯೋ ವಾಸನೆ ಕಣೋ" ಅಂದಳು ತಮ್ಮನಿಗೆ. ಬೆಳಿಗ್ಗೆ ಹೊರಡುವಾಗ "ಹೆಂಡ ಮಾಡೋ ಜಾಗಕ್ಕೆ ನನ್ನನ್ನೂ ಮಕ್ಕಳನ್ನೂ ಯಾಕೆ ಕರ್ಕೊಂಡು ಹೋಗ್ತಿ?" ಎಂದು ಮುಖ ಗಂಟಿಕ್ಕಿದ್ದವಳು ಅವಳೇ.

ನಾವು ಹೋಗಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನ್ಯೂ ಗ್ಲಾರಸ್‌ಗೆ. ತಮ್ಮನ ಮನೆಯಿರುವ ಮ್ಯಾಡಿಸನ್‌ನಿಂದ ಸುಮಾರು 40 ಕಿಲೋಮೀಟರ್. ಸ್ವಿಟ್ಜರ್‌ಲೆಂಡಿನ ಗ್ಲಾರಸ್ ಪ್ರಾಂತ್ಯದಿಂದ ಬಡತನ ತಾಳಲಾರದೆ ಬಂದವರು 1845ರಲ್ಲಿ ಕಟ್ಟಿಕೊಂಡ ಊರು. ಜನಸಂಖ್ಯೆ ಎರಡು ಸಾವಿರ ಚಿಲ್ಲರೆ. ಸುತ್ತ ಹಸುಗಳು, ಜೋಳದ ಹೊಲ, ಗಿಣ್ಣಿನ ಕಾರ್ಖಾನೆಗಳು. ಇಲ್ಲಿ 1993ರಲ್ಲಿ ಡೆಬೊರಾ ಕ್ಯಾರಿ ಬಂಡವಾಳ ಹೊಂದಿಸಿ ಬ್ರೂವರಿ ತೆರೆದರು. ಬಿಯರ್ ತಯಾರಿಕೆ ನೋಡಿಕೊಂಡವರು ಅವರ ಗಂಡ ಡ್ಯಾನ್ ಕ್ಯಾರಿ. ಅವರು ಜರ್ಮನಿಯ ಬವೇರಿಯದಲ್ಲಿ ಕೆಲಸ ಕಲಿತು, ಅಮೆರಿಕದ ದೈತ್ಯ ಬಿಯರ್ ಕಂಪನಿಯೊಂದರಲ್ಲಿ ದುಡಿದು ಬಂದಿದ್ದರು. ನಾವು ನೋಡಿದ್ದು ಊರಾಚೆಯ ಗುಡ್ಡದ ಮೇಲೆ 2008ರ ಹೊತ್ತಿಗೆ ಎದ್ದ ಹೊಸ ಕಟ್ಟಡ.

ಅಮ್ಮನ ಮೂಗು ಹೇಳಿದ್ದು ನಿಜ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೇರನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸುತ್ತಾರಲ್ಲ, ಬಾರ್ಲಿಗೂ ಮಾಡುವುದು ಬಹುಮಟ್ಟಿಗೆ ಅದನ್ನೇ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಮೊಳಕೆ ರಾಗಿಯ ಗಂಜಿ ತೆಳ್ಳಗೂ ಸಿಹಿಯಾಗಿಯೂ ಇರುವುದಕ್ಕೆ, ಎಳೆಮಗುವಿಗೂ ಅರಗುವುದಕ್ಕೆ ಕಾರಣ ಅದೇ. ಬ್ರೂವರಿಯಲ್ಲಿ ಮೊಳಕೆ ಬಾರ್ಲಿಯ ನುಚ್ಚನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನೆನೆಸಿ ಆ ಸಿಹಿಯನ್ನು ಬಸಿಯುತ್ತಾರೆ. ಕಹಿಗೂ ಘಮಕ್ಕೂ ಹಾಪ್ಸ್ ಹೂವು ಹಾಕಿ ಕುದಿಸುತ್ತಾರೆ, ತಣಿಸಿ ಯೀಸ್ಟ್ ಬೆರೆಸುತ್ತಾರೆ. ಅಲ್ಲಿಯವರೆಗೆ ಅದು ಗಂಜಿ, ಅಲ್ಲಿಂದಾಚೆಗೆ ಮದ್ಯ. ಒಂಬತ್ತು ವರ್ಷದ ಮೊಮ್ಮಗಳಿಗೆ ಇದನ್ನೆಲ್ಲ ವಿವರಿಸಿದವಳು ಅಮ್ಮ. ಬ್ರೂವರಿಗೆ ಸಂಸಾರ ಸಮೇತ ಹೋಗುವುದರಲ್ಲಿ ಅರ್ಥವಿದೆಯೇ ಎಂಬ ನನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಇಲ್ಲಿ ಯಾರೂ ಕೈಹಿಡಿದು ನಡೆಸಬೇಕಿಲ್ಲ. ನಮ್ಮ ಪಾಡಿಗೆ ನಾವು ಸುತ್ತುತ್ತಾ ಹಂಡೆಗಳನ್ನೂ ಬಾಟಲಿ ತುಂಬುವ ಸಾಲನ್ನೂ ನೋಡಬಹುದು. ಕೆಲಸವನ್ನು ಮುಚ್ಚಿಡದ ಕಾರ್ಖಾನೆ ಎಂಥದ್ದೇ ಇರಲಿ, ಮಕ್ಕಳಿಗೆ ಅದು ಪಾಠಶಾಲೆ.

ಸಣ್ಣ ಊರೇನೋ ಸರಿ, ಬ್ರೂವರಿ ಸಣ್ಣದೇ? ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಬ್ಯಾರಲ್, ಎಂದರೆ 2.3 ಕೋಟಿ ಲೀಟರಿಗೂ ಮಿಗಿಲು. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ 60 ಲಕ್ಷ ಬ್ಯಾರಲ್‌ವರೆಗಿನ ತಯಾರಿಕೆಯನ್ನೂ ಕ್ರಾಫ್ಟ್, ಅಂದರೆ ಸಣ್ಣ ಪ್ರಮಾಣದ ಕಸುಬಿನ ಬಿಯರ್, ಎಂದೇ ಒಪ್ಪುತ್ತದೆ. ಹಾಗಾಗಿ ಅಳತೆಯಿಂದ ಈ ಪದಕ್ಕೆ ಅರ್ಥ ಹುಡುಕುವುದು ದಂಡ. ನನ್ನ ಮಟ್ಟಿಗೆ ಆ ಪದ ಇವರಿಗೆ ಒಪ್ಪುವುದು ಬೇರೆ ಕಾರಣಕ್ಕೆ. ಇವರ ಬಿಯರ್ ವಿಸ್ಕಾನ್ಸಿನ್ ಬಿಟ್ಟು ಬೇರೆಲ್ಲೂ ಮಾರಾಟಕ್ಕಿಲ್ಲ. ಮೊದಲು ಪಕ್ಕದ ಇಲಿನಾಯ್‌ಗೂ ಹೋಗುತ್ತಿತ್ತು. ತವರಿನ ಬೇಡಿಕೆಗೇ ಸಾಲದಾದಾಗ ಹೊರಗಿನ ಮಾರಾಟವನ್ನೇ ನಿಲ್ಲಿಸಿದರು. 2015ರಲ್ಲಿ ಮಿನೆಸೋಟದ ಬಾರ್ ಒಂದರ ಮೇಲೆ ಇವರ 'ಸ್ಪಾಟೆಡ್ ಕೌ' ಬಿಯರನ್ನು ಕದ್ದು ಗಡಿ ದಾಟಿಸಿ ಮಾರಿದ ಮೊಕದ್ದಮೆ ದಾಖಲಾಯಿತು, ಅಷ್ಟು ಬೇಡಿಕೆ. ಬೇಡಿಕೆ ಇದ್ದೂ ಸಾಕು ಎನ್ನುವ ವ್ಯಾಪಾರಿ ನನಗೆ ದೊಡ್ಡವನಾಗಿ ಕಾಣುತ್ತಾನೆ.

ರುಚಿಯ ಮಾತು. ಹೆಸರುವಾಸಿ ಸ್ಪಾಟೆಡ್ ಕೌ ಹಗುರ, ತುಸು ಸಿಹಿ, ಕಹಿ ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯ ಮಧ್ಯಾಹ್ನಕ್ಕೆ ಹಿತ, ಆದರೆ ಗುಟುಕು ಇಳಿದ ಮೇಲೆ ನೆನಪು ಉಳಿಯುವುದಿಲ್ಲ. ನಿಜವಾದ ಕಸುಬು ಕಾಣುವುದು 'ಬೆಲ್ಜಿಯನ್ ರೆಡ್'ನಲ್ಲಿ. ಇದೇ ರಾಜ್ಯದ ಡೋರ್ ಕೌಂಟಿಯ ಹುಳಿ ಚೆರ್ರಿಯನ್ನು ಧಾರಾಳವಾಗಿ ಹಾಕಿ ಓಕ್ ಮರದ ಪೀಪಾಯಿಗಳಲ್ಲಿ ಮಾಗಿಸುತ್ತಾರೆ. ಪುನರ್ಪುಳಿ ಶರಬತ್ತಿನಂತೆ ಹುಳಿಸಿಹಿ ನಾಲಗೆಗೆ ಹತ್ತುತ್ತದೆ, ಹಿಂದೆಯೇ ಬಾದಾಮಿಯ ಸಣ್ಣ ಎಳೆ. ನಾನೂ ತಮ್ಮನ ಹೆಂಡತಿಯೂ ಒಂದು ಲೋಟವನ್ನು ಹಂಚಿಕೊಂಡೆವು, ಅಷ್ಟೇ ಸಾಕಾಯಿತು. ಕಟ್ಟಡ ಮಾತ್ರ ನನಗೆ ಹಿಡಿಸಲಿಲ್ಲ. ಬವೇರಿಯದ ಹಳ್ಳಿಯೊಂದನ್ನು ಹೋಲುವಂತೆ ಹೊಸದಾಗಿ ಕಟ್ಟಿ ಹಳೆಯ ಕಳೆ ಕೊಟ್ಟಿದ್ದಾರೆ. ಬಿಯರಿನಲ್ಲಿರುವ ನಿಜ ಗೋಡೆಗಳಲ್ಲಿಲ್ಲ.

ನನ್ನ ದೊಡ್ಡ ತಕರಾರು ಬ್ರೂವರಿಯ ಮೇಲಲ್ಲ, ಆ ರಾಜ್ಯದ ರೂಢಿಯ ಮೇಲೆ. ಅಮೆರಿಕದಲ್ಲಿ ಮದ್ಯಪಾನದ ವಯಸ್ಸು 21. ಆದರೆ ವಿಸ್ಕಾನ್ಸಿನ್‌ನಲ್ಲಿ ಹೆತ್ತವರು ಜೊತೆಗಿದ್ದರೆ ಬಾರಿನಲ್ಲಿ ಕೂತೇ ಮಕ್ಕಳೂ ಕುಡಿಯಲು ಕಾನೂನು ಬಿಡುತ್ತದೆ. ಕುಡಿದು ಕಾರು ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ಅಲ್ಲಿ ಅದು ಅಪರಾಧವೇ ಅಲ್ಲ, ದಂಡ ಕಟ್ಟುವ ತಪ್ಪು. ಆ ದೇಶದಲ್ಲಿ ಹೀಗಿರುವ ರಾಜ್ಯ ಇದೊಂದೇ. ತಮ್ಮನ ಹದಿನೈದರ ಮಗ "ನಾನೂ ಒಂದು ಗುಟುಕು?" ಎಂದಾಗ ತಮ್ಮ ಬೇಡವೆಂದ. ಕಾನೂನು ಬಿಟ್ಟರೂ ಅಪ್ಪ ಬಿಡದಿದ್ದದ್ದು ಸರಿ ಎಂದೇ ನನ್ನ ತೀರ್ಮಾನ. ಬೆಳಿಗ್ಗೆ ಅಮ್ಮ ಮುಖ ಗಂಟಿಕ್ಕಿದ್ದರ ಹಿಂದೆ ಪ್ಯಾಕೆಟ್ ಸಾರಾಯಿಯ ಕಾಲವಿದೆ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಿಂದ. ಅದಕ್ಕೆ ಮೊದಲು ಕೂಲಿಯೆಲ್ಲ ಅಂಗಡಿಗೆ ಸುರಿದು ಬರುತ್ತಿದ್ದ ಗಂಡಸರ ಮನೆಗಳಿಗೆ ಅವಳು ಹಿಟ್ಟು ಅಳೆದು ಕೊಟ್ಟಿದ್ದಾಳೆ. ಅವಳ ನೆನಪಿಗೂ ಈ ಗುಡ್ಡದ ಮೇಲಿನ ಸಂತೋಷಕ್ಕೂ ನಡುವೆ ಇರುವುದು ಕೈಯಲ್ಲಿ ಹಣ, ಹೊಟ್ಟೆಯಲ್ಲಿ ಊಟ, ಎರಡನೆಯ ಲೋಟ ಬೇಡವೆನ್ನುವ ಬಿಡುವು. ಕ್ರಾಫ್ಟ್ ಬಿಯರನ್ನು ಹೊಗಳಿ ಬರೆಯುವವರು ಇದನ್ನು ಮರೆಯಬಾರದು.

ಊರಿನ ತೆಂಕಣಕ್ಕಿರುವ ನ್ಯೂ ಗ್ಲಾರಸ್ ವುಡ್ಸ್ ಎಂಬ ಕಾಡಿನಲ್ಲಿ ಪುಳಿಯೋಗರೆ ಬುತ್ತಿ ಬಿಚ್ಚಿದೆವು. ಇಡೀ ದಿನ ಒಂದು ಹನಿಯನ್ನೂ ಮುಟ್ಟದ ತಮ್ಮ ಕಾರು ಓಡಿಸಿಕೊಂಡು ಬಂದ.

ಮಕ್ಕಳ ಮನೆಗೆಂದು ಆ ಕಡೆ ಹೋಗುವ ಅಪ್ಪ ಅಮ್ಮಂದಿರೇ, ಕುಡಿಯದವರಾದರೂ ಒಮ್ಮೆ ಆ ಹಂಡೆಗಳ ಮುಂದೆ ನಿಂತು ಬನ್ನಿ. ಕಾರು ಓಡಿಸುವವರು ಯಾರೆಂದು ಮಾತ್ರ ಮನೆಯಲ್ಲೇ ತೀರ್ಮಾನಿಸಿ ಹೊರಡಿ.